‘ವಾಕರ್’ ಕುಲನಾಮದ ಮೂಲ ಮತ್ತು ಪ್ರಸಾರ: ಉಪಭಾಷಾ ಸಾಕ್ಷ್ಯವಾಗಿ ಒಂದು ಮನೆತನದ ಹೆಸರು

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅತ್ಯಧಿಕ ಬಳಕೆಯಲ್ಲಿರುವ ಮೊದಲ ಇಪ್ಪತ್ತು ಕುಲನಾಮಗಳಲ್ಲಿ ‘ವಾಕರ್’ ಒಂದು. ‘ವಾಕ್’ ಧಾತುವಿಗೆ ಕರ್ತೃವಾಚಿ ಪ್ರತ್ಯಯ ಸೇರಿ ಆದ ರೂಪವಿದು ಎಂಬುದು ಸರಿ. ಆದುದರಿಂದ ‘ನಡೆಯುವವನು’ ಎಂಬ ತೀರ್ಮಾನ ಸರಿಯಲ್ಲ. ಪ್ರಾಚೀನ ಇಂಗ್ಲಿಷಿನ ‘ವೆಆಲ್ಕನ್’ ಎಂದರೆ ಹೊರಳಿಸು, ಉರುಳಾಡಿಸು. ಅದರಿಂದ ನಿಷ್ಪನ್ನವಾದ ‘ವೆಆಲ್ಕೆರೆ’ಯು ಪದಾರ್ಥಸಂಗ್ರಹಗಳಲ್ಲಿ ಲ್ಯಾಟಿನ್ ‘ಫುಲ್ಲೊ’ ಪದಕ್ಕೆ ಸಮಾನಾರ್ಥಕವಾಗಿ ಬರುತ್ತದೆ. ಮಗ್ಗದಿಂದ ಇಳಿದ ಉಣ್ಣೆಬಟ್ಟೆಯನ್ನು ಜೇಡಿಮಣ್ಣು ಅಥವಾ ಹಳಸಿದ ಮೂತ್ರ ಬೆರೆಸಿದ ನೀರಿನಲ್ಲಿ ತುಳಿದು, ಜಿಡ್ಡು ತೆಗೆದು, ಎಳೆಗಳು ಒಂದರೊಳಗೊಂದು ಬೆಸೆದು ಬಟ್ಟೆ ದಟ್ಟವಾಗುವಂತೆ ಮಾಡುವ ಕಸುಬಿನವನು ಇವನು. 12ನೆಯ ಶತಮಾನದಿಂದೀಚೆಗೆ ನೀರಿನ ಗಿರಣಿಯ ಮರದ ಕೊಡತಿಗಳು ಕ್ರಮೇಣ ಕಾಲುಗಳ ಕೆಲಸವನ್ನು ವಹಿಸಿಕೊಂಡರೂ ಹೆಸರು ಉಳಿಯಿತು.

ಬಟ್ಟೆಯ ಮೇಲೆ ‘ನಡೆಯುತ್ತಿದ್ದುದರಿಂದ’ ಈ ಹೆಸರು ಬಂತೆಂಬ ಜನಪ್ರಿಯ ವಿವರಣೆ ಆಕರ್ಷಕವಾದರೂ ಕಾಲಾನುಕ್ರಮವನ್ನು ತಲೆಕೆಳಗು ಮಾಡುತ್ತದೆ. ‘ಕಾಲ್ನಡಿಗೆ’ಯ ಅರ್ಥ ನೆಲೆಗೊಂಡದ್ದು ಮಧ್ಯ ಇಂಗ್ಲಿಷಿನ ಕಾಲದಲ್ಲಿ, ಕಸುಬಿನ ಹೆಸರು ಅದಕ್ಕೂ ಹಳೆಯದು. ಜ್ಞಾತಿಪದವಾದ ಜರ್ಮನ್ ‘ವಾಲ್ಕನ್’ ಇಂದಿಗೂ ಉಣ್ಣೆಯನ್ನು ದಟ್ಟಗೊಳಿಸುವುದನ್ನೇ ಸೂಚಿಸುತ್ತದೆ, ನಡೆಯುವುದನ್ನಲ್ಲ.

ಇದೇ ಕಸುಬಿಗೆ ಇನ್ನೆರಡು ಹೆಸರುಗಳಿದ್ದವು: ಲ್ಯಾಟಿನ್ ಮೂಲದ ‘ಫುಲ್ಲರ್’, ಹಾಗೂ ‘ಪೀಡಿಸು’ ಎಂಬರ್ಥದ ‘ತುಕಿಯನ್’ ಧಾತುವಿನಿಂದ ಬಂದ ‘ಟಕ್ಕರ್’. 14ನೆಯ ಶತಮಾನದ ವಿಕ್ಲಿಫ್ ಪಂಥದ ಬೈಬಲ್ ಅನುವಾದವು ಮಾರ್ಕನ ಸುವಾರ್ತೆಯ ಒಂದೆಡೆ ‘ಫುಲ್ಲರ್’, ‘ವಾಕರ್’ ಎರಡನ್ನೂ ಅಕ್ಕಪಕ್ಕದಲ್ಲಿ ಇಡುತ್ತದೆ. ಒಂದೇ ಪದ ಎಲ್ಲ ಓದುಗರಿಗೂ ಸಾಲದೆಂಬ ಅರಿವು ಅನುವಾದಕರಿಗೆ ಇದ್ದಿರಬೇಕು. 1881ರ ಜನಗಣತಿಯ ಆಧಾರದ ನಕ್ಷೆಗಳಲ್ಲಿ ವಾಕರ್ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ, ಫುಲ್ಲರ್ ಆಗ್ನೇಯದಲ್ಲಿ, ಟಕ್ಕರ್ ಡೆವನ್, ಸಾಮರ್ಸೆಟ್‌ಗಳ ನೈರುತ್ಯದಲ್ಲಿ ದಟ್ಟವಾಗಿವೆ. ಎಕ್ಸೆಟರ್ ನಗರದ ನೇಕಾರ ಮತ್ತು ಬಟ್ಟೆ ಕಸುಬುದಾರರ ಸಂಘದ ಭವನಕ್ಕೆ ಇಂದಿಗೂ ‘ಟಕ್ಕರ್ಸ್ ಹಾಲ್’ ಎಂದೇ ಹೆಸರು.

ಹಾಗೆಂದು ಈ ನಕ್ಷೆಯನ್ನು ಮಧ್ಯಯುಗದ ಸಮಭಾಷಾರೇಖೆಯೆಂದು ನೇರವಾಗಿ ಓದಲಾಗದು. ಅದು ತೋರಿಸುವುದು ಪದವನ್ನು ಆಡಿದವರನ್ನಲ್ಲ, ಅವರ ವಂಶಸ್ಥರನ್ನು. ನಡುವೆ ಐದು ಶತಮಾನಗಳ ವಲಸೆಯಿದೆ. ಕೆಲವು ಮನೆತನಗಳು ಬೆಳೆದವು, ಕೆಲವು ಅಳಿದವು. ಆದುದರಿಂದ ಇಂದಿನ ಸಂಖ್ಯಾಬಾಹುಳ್ಯದಿಂದ ಅಂದಿನ ಕಸುಬುದಾರರ ಸಂಖ್ಯೆಯನ್ನು ಊಹಿಸುವುದು ಅಪಾಯಕರ. ಇದಕ್ಕಿಂತ ಗಟ್ಟಿಯಾದ ಆಕರವೆಂದರೆ 1379ರ ತಲೆಗಂದಾಯದ ಪಟ್ಟಿಗಳು. ಆ ವರ್ಷದ ಕಂದಾಯ ಅಂತಸ್ತು ಮತ್ತು ವೃತ್ತಿಗಳಿಗೆ ಅನುಗುಣವಾಗಿದ್ದುದರಿಂದ ಹಲವೆಡೆ ಹೆಸರಿನ ಜೊತೆಗೆ ಕಸುಬೂ ದಾಖಲಾಗಿದೆ. ಎರಡೂ ಹೊಂದಿದಲ್ಲಿ ಹೆಸರಿಗೆ ಇನ್ನೂ ಅರ್ಥವಿದ್ದಿರಬಹುದು. ಹೊಂದದಿದ್ದಲ್ಲಿ ಅದು ಆಗಲೇ ಆನುವಂಶಿಕವಾಗಿರುವ ಸಂಭವವೇ ಹೆಚ್ಚು. ಸ್ಥಳನಾಮಗಳೂ ಇಲ್ಲಿ ನೆರವಾಗುತ್ತವೆ, ಏಕೆಂದರೆ ಗಿರಣಿಗಳು ವಲಸೆ ಹೋಗುವುದಿಲ್ಲ: ಉತ್ತರದಲ್ಲಿ ‘ವಾಕ್‌ಮಿಲ್’, ನೈರುತ್ಯದ ಕಾರ್ನ್‌ವಾಲ್‌ನಲ್ಲಿ ‘ಟಕಿಂಗ್‌ಮಿಲ್’.