ಮೊದಲ ಗವಿಯ ಬಾಗಿಲು

ಗಣಿ ಕೆಲಸದ ಹಾರೆ ಗುದ್ದಲಿಗಳನ್ನೂ ಹಿಟ್ಟಿನ ಮೂಟೆಗಳನ್ನೂ ಹೇರಿಕೊಂಡ ಎತ್ತಿನ ಬಂಡಿ ಕಾಡುದಾರಿಯಲ್ಲಿ ಹೊರಟಿದೆ. ತಿರುವು ದಾಟಿದರೆ ಎರಡು ಕುದುರೆಗಳು ಸತ್ತು ದಾರಿಗೆ ಅಡ್ಡ ಬಿದ್ದಿವೆ, ಮೈತುಂಬ ಕಪ್ಪು ಗರಿಯ ಬಾಣಗಳು. ಬಂಡಿಯ ಕಾವಲಿಗೆ ಬಂದವರು ನೀವೇ. ಈಗೇನು ಮಾಡುತ್ತೀರಿ?

ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಇಳಿದು ನೋಡುತ್ತೇನೆ ಅನ್ನುತ್ತಾನೆ, ಇನ್ನೊಬ್ಬಳು ಪೊದೆಯ ಹಿಂದೆ ಯಾರಾದರೂ ಇದ್ದಾರಾ ಎಂದು ಕೇಳುತ್ತಾಳೆ. 20 ಮುಖದ ದಾಳ ಉರುಳುತ್ತದೆ. 2014ರ ಜುಲೈನಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 'ಸ್ಟಾರ್ಟರ್ ಸೆಟ್' ಪೆಟ್ಟಿಗೆಯೊಳಗಿನ ಸಾಹಸ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಶುರುವಾಗುವುದು ಹೀಗೆ. ರೋಲ್‌ಪ್ಲೇಯಿಂಗ್ ಆಟ ಎಂದರೇನು ಎಂದು ಕೇಳಿದವರಿಗೆಲ್ಲ ನಾನು ಈ ಕುದುರೆಗಳನ್ನೇ ತೋರಿಸುತ್ತೇನೆ.

ತಾಳಮದ್ದಳೆ ಕಂಡವರಿಗೆ ಈ ಆಟ ಅರ್ಥವಾಗುವುದು ಕಷ್ಟವಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತು ಅರ್ಥಧಾರಿಯದು, ಆ ರಾತ್ರಿ ಆ ಕ್ಷಣದಲ್ಲಿ ಹುಟ್ಟಿದ್ದು. ಇಲ್ಲಿಯೂ ಅಚ್ಚಾದ ಸಾಹಸ ಪುಸ್ತಕ ಊರು, ಗವಿ, ಶತ್ರು, ಒಂದು ಗುಟ್ಟು ಇಷ್ಟನ್ನು ಕೊಡುತ್ತದೆ. ಅದನ್ನು ಓದಿಕೊಂಡು ಆಟ ನಡೆಸುವವರು ಗೇಮ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ದೊಡ್ಡ ವ್ಯತ್ಯಾಸ ಒಂದೇ: ಪ್ರಸಂಗದ ಕೊನೆ ಸಭೆಗೆ ಮೊದಲೇ ಗೊತ್ತು, ಇಲ್ಲಿ ಗೇಮ್ ಮಾಸ್ಟರ್‌ಗೂ ಗೊತ್ತಿಲ್ಲ.

ಹೊಸಬರನ್ನು ಹೊಸಿಲಲ್ಲೇ ನಿಲ್ಲಿಸುವುದು ಬೆಲೆ ಮತ್ತು ಪುಟಗಳ ಸಂಖ್ಯೆ. ಅದೇ 2014ರಲ್ಲಿ ಬಂದ ಮೂರು ಮುಖ್ಯ ಪುಸ್ತಕಗಳಿಗೆ ಆಗ ತಲಾ ಸುಮಾರು 50 ಡಾಲರ್ ಇತ್ತು. ಮೂರೂ ಸೇರಿದರೆ ಇಟ್ಟಿಗೆಯಷ್ಟು ಭಾರ. ಸ್ಟಾರ್ಟರ್ ಸೆಟ್‌ನ ಬೆಲೆಯೋ ಆಗ 19.99 ಡಾಲರ್ ಇತ್ತು. ಒಳಗೆ 32 ಪುಟದ ನಿಯಮ, 64 ಪುಟದ ಸಾಹಸ, ಮೊದಲೇ ಸಿದ್ಧಪಡಿಸಿದ ಐದು ಪಾತ್ರಗಳು, ಆರು ದಾಳ. ಅವತ್ತೇ ಪೆಟ್ಟಿಗೆ ಬಿಚ್ಚಿ, ಅವತ್ತೇ ಆಡಬಹುದು. ಆ ಐದು ಪಾತ್ರಗಳ ಹಾಳೆಗಳಿಗೆ ನಾನು ತುಂಬ ಬೆಲೆ ಕೊಡುತ್ತೇನೆ. ಆಟವನ್ನೇ ಕಾಣದವರ ಕೈಗೆ ಖಾಲಿ ಹಾಳೆ ಕೊಟ್ಟು 'ನಿಮ್ಮ ಪಾತ್ರ ಕಟ್ಟಿಕೊಳ್ಳಿ' ಎಂದರೆ ಒಂದು ಸಂಜೆ ಲೆಕ್ಕದಲ್ಲೇ ಮುಗಿಯುತ್ತದೆ.

ಈ ಕಷ್ಟ ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೂಲ ಆಟ ಮೂರು ಸಣ್ಣ ಪುಸ್ತಿಕೆಗಳ ಪೆಟ್ಟಿಗೆ. ಮೇಜಿನ ಮೇಲೆ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದಾಟ ಆಡಿ ಪಳಗಿದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೇರೆಯವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅದನ್ನು ಹೊಸಬರಿಗಾಗಿ ತಿದ್ದಿ ಬರೆದವರು ಜೆ. ಎರಿಕ್ ಹೋಮ್ಸ್, ವೃತ್ತಿಯಲ್ಲಿ ನರರೋಗ ವೈದ್ಯ. 1977ರ 'ಬೇಸಿಕ್ ಸೆಟ್' ಅವರ ಕೈಯದು. ಪುಸ್ತಿಕೆಯ ಕೊನೆಯಲ್ಲಿ ಅವರು ಒಂದು ಪುಟ್ಟ ನೆಲಮಾಳಿಗೆಯನ್ನೂ ಇಟ್ಟರು, ಮಂತ್ರವಾದಿಯ ಪಾಳುಬಿದ್ದ ಗೋಪುರದ ಕೆಳಗೆ. ನಿಯಮ ಓದಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಮರುವರ್ಷ ಮೈಕ್ ಕಾರ್ ಬರೆದ 'ಇನ್ ಸರ್ಚ್ ಆಫ್ ದಿ ಅನ್‌ನೋನ್' ಆ ಪೆಟ್ಟಿಗೆ ಸೇರಿತು. ಅದರಲ್ಲಿ ಕೋಣೆಗಳ ವರ್ಣನೆ ಇದೆ. ಆದರೆ ಒಳಗೆ ಯಾವ ಪ್ರಾಣಿ, ಎಂಥ ನಿಧಿ ಎನ್ನುವ ಜಾಗ ಖಾಲಿ. ಕೊನೆಯಲ್ಲಿ ಕೊಟ್ಟ ಪಟ್ಟಿಯಿಂದ ಆರಿಸಿ, ಪೆನ್ಸಿಲ್ ಹಿಡಿದು ತುಂಬಿಕೊಳ್ಳಬೇಕು. ಹೀಗೆ ತುಂಬುತ್ತ ತುಂಬುತ್ತ ಗೇಮ್ ಮಾಸ್ಟರ್ ತಾನೂ ಅರ್ಧ ಲೇಖಕನಾಗುತ್ತಾನೆ. ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿಸಿದ ಹಾಗೆ.

ಅದರ ಜಾಗಕ್ಕೆ ಆಮೇಲೆ ಗೈಗ್ಯಾಕ್ಸ್ ಅವರದೇ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಬಂತು: ಗಡಿಯಲ್ಲೊಂದು ಕೋಟೆ, ಹತ್ತಿರದ ಕಣಿವೆಯ ತುಂಬ ಗವಿಗಳು, ಗವಿಗೊಂದು ಪಂಗಡ. ಅದರಲ್ಲಿ ನನಗೆ ಬಲು ಪ್ರಿಯವಾದ ಒಂದು ವಿವರವಿದೆ. ಕೋಟೆಯಲ್ಲಿ ಕಿವಿಗೆ ಬೀಳುವ ಗಾಳಿಮಾತುಗಳಲ್ಲಿ ಒಂದು, 'ಬ್ರೀ-ಯಾರ್ಕ್' ಎಂದರೆ ಗಾಬ್ಲಿನ್ ಎಂಬ ಪಂಗಡದ ಭಾಷೆಯಲ್ಲಿ ಶರಣಾದೆವು ಎಂದರ್ಥ ಅನ್ನುತ್ತದೆ. ಸುಳ್ಳು. ಗಾಬ್ಲಿನ್‌ಗಳು ಹಾಗೆ ಕೂಗುವುದು ನೆರವು ಕರೆಯಲು. ಕೂಗುತ್ತಲೇ ರಹಸ್ಯ ಬಾಗಿಲಿನಿಂದ 250 ಚಿನ್ನದ ನಾಣ್ಯಗಳ ಚೀಲವನ್ನು ಪಕ್ಕದ ಗವಿಯ ದೈತ್ಯ ಓಗರ್‌ನತ್ತ ಎಸೆಯುತ್ತಾರೆ. ಅವನು ದುಡ್ಡು ತಗೊಂಡು ಅವರ ಪರ ಬಡಿದಾಡಲು ಬರುತ್ತಾನೆ. ಕೇಳಿದ್ದನ್ನೆಲ್ಲ ನಂಬಬಾರದು, ಶತ್ರುಗಳಿಗೂ ನಂಟು ವ್ಯವಹಾರ ಇರುತ್ತದೆ, ದುಡ್ಡಿಗೆ ಬಂದವನನ್ನು ಹೆಚ್ಚು ದುಡ್ಡು ಕೊಟ್ಟು ತಿರುಗಿಸಬಹುದು. ಇಷ್ಟೂ ಪಾಠ ಒಂದು ಕೂಗಿನಲ್ಲಿ.

ಆ ಕಾಲದ ಇನ್ನೊಂದು ಸಂಗತಿ. ಬಹುಮುಖದ ದಾಳಗಳ ಕೊರತೆಯಾದಾಗ ಪ್ರಕಾಶಕರು ಕೆಲವು ಪೆಟ್ಟಿಗೆಗಳಲ್ಲಿ ಅಂಕಿ ಅಚ್ಚಾದ ರಟ್ಟಿನ ಹಾಳೆ ಇಟ್ಟರು. ಚೌಕಗಳಾಗಿ ಕತ್ತರಿಸಿ, ಲೋಟಕ್ಕೆ ಹಾಕಿ ಕುಲುಕಿ, ಒಂದನ್ನು ಎತ್ತಿಕೊಳ್ಳಬೇಕು. ದಾಳ ಸಿಗದ ಊರಿನಲ್ಲಿ ಈಗಲೂ ಇದು ನಡೆಯುತ್ತದೆ. ಚೀಟಿ ಎತ್ತುವುದು ಯಾರಿಗೆ ಗೊತ್ತಿಲ್ಲ?

1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ರೂಪಿಸಿದ ಕೆಂಪು ಪೆಟ್ಟಿಗೆ, ಕಲಿಸಲು ಯಾರೂ ಇಲ್ಲದವರಿಗಾಗಿ ಬಂತು. ಒಬ್ಬರೇ ಕೂತು ಓದುತ್ತ ಆಡುವ ಕಥೆಯಿಂದ ಅದು ತೊಡಗುತ್ತದೆ. ಗವಿಯಲ್ಲಿ ಅಲೀನಾ ಎಂಬಾಕೆ ಸಿಗುತ್ತಾಳೆ, ಗಾಯಕ್ಕೆ ಆರೈಕೆ ಮಾಡುತ್ತಾಳೆ, ಮಾತಾಡುತ್ತಲೇ ನಿಯಮಗಳನ್ನು ತಿಳಿಸುತ್ತಾಳೆ. ಆಮೇಲೆ ಬಾರ್ಗಲ್ ಎಂಬ ಮಾಂತ್ರಿಕ ಅವಳನ್ನು ಕೊಲ್ಲುತ್ತಾನೆ. ಕೆಲವೇ ಪುಟ ಜೊತೆಗಿದ್ದ ಆ ಪಾತ್ರಕ್ಕಾಗಿ ಒಂದು ತಲೆಮಾರಿನ ಆಟಗಾರರು ಇವತ್ತಿಗೂ ನೊಂದುಕೊಳ್ಳುತ್ತಾರೆ, ಬಾರ್ಗಲ್‌ನನ್ನು ಬಯ್ಯುತ್ತಾರೆ.

ಕತ್ತಿ ಹಿಡಿಯದೆ ಆರಂಭಿಸುವವರಿಗೆ ಬೇರೊಂದು ಬಾಗಿಲಿದೆ. 1981ರ 'ಕಾಲ್ ಆಫ್ ಕ್ಥುಲು' ಆಟದ 'ದಿ ಹಾಂಟಿಂಗ್' 1920ರ ಬಾಸ್ಟನ್‌ನ ಒಂದು ದೆವ್ವದ ಮನೆಯ ಕಥೆ. ಮನೆ ಹೊಕ್ಕುವ ಮೊದಲು ಹಳೆಯ ಪತ್ರಿಕೆ, ಗ್ರಂಥಾಲಯ, ದಾಖಲೆ ಕಚೇರಿಗಳನ್ನು ತಡಕಾಡಿದವರೇ ಜಾಣರು. ಪ್ರಕಾಶಕರಾದ ಕೇಯೋಸಿಯಮ್ ಇದನ್ನು ಸಂಕ್ಷಿಪ್ತ ನಿಯಮಗಳ ಜೊತೆ ಉಚಿತವಾಗಿಯೇ ಹಂಚುತ್ತಾರೆ.

ಒಳ್ಳೆಯ ಆರಂಭದ ಸಾಹಸ ಬರೆಯುವುದು ಹೇಗೆ ಎಂದು ಕೇಳಿದರೆ ನಾನು ಕೊಡುವುದು 'ಟೂಂಬ್ ಆಫ್ ದಿ ಸರ್ಪೆಂಟ್ ಕಿಂಗ್ಸ್'. ಸ್ಕೆರ್ಪಲ್ಸ್ ಎಂಬ ಹೆಸರಿನಲ್ಲಿ ಬರೆಯುವ ಲೇಖಕರು 2017ರಲ್ಲಿ ಉಚಿತವಾಗಿ ಹೊರತಂದದ್ದು. ಹಲವು ಕೋಣೆಗಳ ಜೊತೆಗೆ ಅವು ಏನು ಕಲಿಸಲು ಅಲ್ಲಿವೆ ಎಂಬ ಟಿಪ್ಪಣಿ ಇದೆ. ಒಂದು ಕಲ್ಲಿನ ಬಾಗಿಲಿಗೆ ಕಬ್ಬಿಣದ ಅಗುಳಿ. ಅದನ್ನು ಎತ್ತಿದರೆ ಮೇಲಿನಿಂದ ಕಲ್ಲಿನ ಸುತ್ತಿಗೆ ಬೀಸಿ ಬರುತ್ತದೆ. ಆಟಗಾರ ಇಲ್ಲಿ ಕಲಿಯುವುದು ಕೈ ಹಾಕುವ ಮೊದಲು ಕಣ್ಣು ಹಾಯಿಸುವುದನ್ನು. ನಿಯಮ ಪುಸ್ತಕದ ಹತ್ತು ಪುಟ ಮಾಡಲಾರದ ಕೆಲಸವನ್ನು ಆ ಸುತ್ತಿಗೆ ಒಂದೇ ಏಟಿಗೆ ಮಾಡುತ್ತದೆ.

ಹೊಸ ಸಾಹಸ ಬರೆಯುವವರು ಆಟಗಾರರನ್ನು ನೆನೆಯುತ್ತಾರೆ, ಗೇಮ್ ಮಾಸ್ಟರ್‌ನನ್ನು ಮರೆಯುತ್ತಾರೆ. ನಿಜವಾಗಿ ಹೆದರಿ ಕೂತಿರುವುದು ಅವನು. ನಾಲ್ಕು ಜನ ತನ್ನ ಮುಖ ನೋಡುತ್ತಿದ್ದಾರೆ, ಉತ್ತರ ಹಿಂದಿನ ಯಾವುದೋ ಪುಟದಲ್ಲಿದೆ. ನಾನು ಮೊದಲ ಸಲ ಆಟ ನಡೆಸಿದಾಗ ಪುಟ ತಿರುವುವುದರಲ್ಲೇ ಬೆವತುಹೋಗಿದ್ದೆ. ಆದ್ದರಿಂದ ಕೋಣೆಗೆ ಸಂಬಂಧಿಸಿದ್ದೆಲ್ಲ ಒಂದೇ ಪುಟದಲ್ಲಿರಲಿ, ಅಕ್ಷರ ದೊಡ್ಡದಿರಲಿ, ರಾಜವಂಶದ ಮುನ್ನೂರು ವರ್ಷದ ಚರಿತ್ರೆಯನ್ನು ಕೈಬಿಡಿ. ಜೆರಾಕ್ಸ್ ಮಾಡಿದರೂ ನಕಾಶೆ ಸ್ಪಷ್ಟವಾಗಿ ಕಾಣಲಿ. ಜಾನ್ ಹಾರ್ಪರ್ 2013ರಲ್ಲಿ 'ಲೇಸರ್ಸ್ ಅಂಡ್ ಫೀಲಿಂಗ್ಸ್' ಎಂಬ ಇಡೀ ಆಟವನ್ನೇ ಒಂದು ಪುಟದಲ್ಲಿ ಹಿಡಿದಿಟ್ಟರು. ಅದಕ್ಕೆ ಮಾಮೂಲಿ ಆರು ಮುಖದ ದಾಳ ಸಾಕು.

ಕನ್ನಡದಲ್ಲಿ ಇಂಥ ಸಾಹಸ ಬರೆಯಲು ಕಾನೂನಿನ ತೊಡಕೂ ಈಗಿಲ್ಲ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಸಂಗ್ರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂತು. ಮೂಲವನ್ನು ಹೆಸರಿಸಿದರೆ ಅದನ್ನು ಅನುವಾದಿಸಬಹುದು, ತಿದ್ದಬಹುದು, ಮಾರಲೂಬಹುದು.

ನಾನೂ ಒಂದು ಬರೆದೆ, ಹಾಳೆಯ ಎರಡು ಮಗ್ಗುಲಿಗೆ. ಕೆರೆ ತುಂಬಿದೆ, ತೂಬು ಎತ್ತಿದರೂ ಗದ್ದೆಗೆ ನೀರು ಬರುತ್ತಿಲ್ಲ, ನೋಡಲು ಹೋದ ನೀರುಗಂಟಿ ಮರಳಿಲ್ಲ. ಪಾತ್ರಗಳು ನಾಲ್ಕು, ಕೋಣೆಗಳು ಐದು, ಒಂದರಿಂದ ಇಪ್ಪತ್ತರವರೆಗೆ ಬರೆದ ಚೀಟಿಗಳು ಒಂದು ಸ್ಟೀಲ್ ಲೋಟದಲ್ಲಿ. ಬೇಸಿಗೆ ರಜೆಗೆ ಬಂದ ಅಕ್ಕನ ಮಕ್ಕಳನ್ನೂ ಪಕ್ಕದ ಮನೆಯವರನ್ನೂ ಜಗಲಿಯಲ್ಲಿ ಕೂರಿಸಿದೆ. ತೂಬಿನ ಬಾಯಿ ಹೇಗಿದೆ ಎಂದು ವರ್ಣಿಸಿ ಇನ್ನೂ ಮುಗಿಸಿರಲಿಲ್ಲ, ಎಲ್ಲರಿಗಿಂತ ಚಿಕ್ಕವಳು ಕೇಳಿದಳು: "ಮಾವ, ಒಳಗಿಂದ ಯಾರಾದ್ರೂ ಹಾಡ್ತಿರೋದು ಕೇಳಿಸ್ತಿದೆಯಾ?"

ಹಾಳೆಯಲ್ಲಿ ಹಾಡಿನ ಸುದ್ದಿಯೇ ಇರಲಿಲ್ಲ. ಲೋಟವನ್ನು ಅವಳತ್ತ ಸರಿಸಿ, "ಚೀಟಿ ಎತ್ತು" ಅಂದೆ.