ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ವಸಂತ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಶಿಂಷಾ ನದಿಯ ಸಮೀಪದಲ್ಲಿರುವ ಒಂದು ಸಾಮಾನ್ಯ ರೈತಾಪಿ ಗ್ರಾಮ. ಬೆಂಗಳೂರಿನಿಂದ ಸುಮಾರು 80 ಕಿ.ಮೀ. ದೂರ. ಇಲ್ಲಿ ಹಕ್ಕಿಗಳಿಗೆಂದು ಬೇಲಿ ಹಾಕಿದ ಕಾಡಿಲ್ಲ, ನಡುಗಡ್ಡೆಯಿಲ್ಲ. ಮನೆಯ ಹಿತ್ತಲು, ಕಣ, ಬೀದಿಯ ಬದಿಗಳಲ್ಲಿರುವ ಹುಣಸೆ, ಅರಳಿ, ಆಲ, ಜಾಲಿ ಮರಗಳೇ ಅವುಗಳ ನೆಲೆ. ಫಾಲ್ಗುಣ, ಚೈತ್ರ ಮಾಸಗಳಲ್ಲಿ ಈ ಮರಗಳ ನೆತ್ತಿ ಗೂಡುಗಳಿಂದಲೂ ಮರಿಗಳಿಂದಲೂ ತುಂಬಿರುತ್ತದೆ.

ಬರುವ ಹಕ್ಕಿಗಳು

ಇಲ್ಲಿ ಗೂಡು ಕಟ್ಟುವ ಹಕ್ಕಿಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಮುಖ್ಯವಾದವು. ಹೆಜ್ಜಾರ್ಲೆ ನಾಲ್ಕೈದು ಕಿಲೋ ತೂಗುವ ಬೂದುಬಿಳಿ ಬಣ್ಣದ ದೊಡ್ಡ ಹಕ್ಕಿ. ಇದರ ಉದ್ದನೆಯ ಕೊಕ್ಕಿನ ಮೇಲೆ ನೀಲಿ ಛಾಯೆಯ ಚುಕ್ಕೆಗಳಿದ್ದು, ಕೆಳಗೆ ಚೀಲದಂತೆ ಹಿಗ್ಗುವ ಚರ್ಮವಿರುತ್ತದೆ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಹಾಗೂ ಬಾಲದ ಬಳಿ ಗುಲಾಬಿ ಗರಿಗಳಿವೆ.

ಹೆಜ್ಜಾರ್ಲೆಗಳು ಚಳಿಗಾಲದ ಆರಂಭದಲ್ಲಿ ಬರತೊಡಗುತ್ತವೆ. ಬಣ್ಣದ ಕೊಕ್ಕರೆಗಳು ಅವುಗಳ ಹಿಂದೆಯೇ ಬಂದು ಸೇರುತ್ತವೆ. ಮೊಟ್ಟೆಗೆ ಕಾವು ಕೊಡುವ ಅವಧಿ ಸುಮಾರು ಒಂದು ತಿಂಗಳು. ಮರಿಗಳು ಬಲಿತು ಹಾರಲು ಮತ್ತೆ ಕೆಲವು ತಿಂಗಳು ಬೇಕು. ಆದ್ದರಿಂದ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲದಲ್ಲಿ ಕಾವು ಕೂತ ಹಕ್ಕಿ, ಎಳೆ ಮರಿ, ರೆಕ್ಕೆ ಬಡಿದು ಹಾರಲು ಕಲಿಯುವ ಮರಿ, ಎಲ್ಲವನ್ನೂ ಒಂದೇ ಮರದಲ್ಲಿ ಕಾಣಬಹುದು. ಮುಂಗಾರು ಹಿಡಿಯುವ ಹೊತ್ತಿಗೆ ಹಿಂಡುಗಳು ಊರನ್ನು ಬಿಡುತ್ತವೆ.

ಮರಿಗಳ ಆಹಾರ ಮೀನು. ಇದಕ್ಕಾಗಿ ತಾಯಿ-ತಂದೆ ಹಕ್ಕಿಗಳು ಶಿಂಷಾ ನದಿಗೂ, ಮದ್ದೂರು ಕೆರೆ, ಸೂಳೆಕೆರೆ, ತೈಲೂರು ಕೆರೆ ಮೊದಲಾದ ಸುತ್ತಲಿನ ಕೆರೆಗಳಿಗೂ ಹಾರಿ ಹೋಗುತ್ತವೆ. ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಿನೊಳಕ್ಕೇ ತಲೆಯಿಟ್ಟು ಮೀನನ್ನು ತಿನ್ನುತ್ತದೆ. ಹೀಗೆ ಗೂಡಿರುವುದು ಒಂದು ಊರಿನಲ್ಲಾದರೂ ಅದನ್ನು ಸಾಕುವುದು ಹಲವು ಊರುಗಳ ಕೆರೆಗಳು.

ಊರಿನವರೂ ಹಕ್ಕಿಗಳೂ

1916ರಲ್ಲಿ ಪ್ಲೇಗ್ ಬಂದಾಗ ನದಿಯ ಬಳಿಯಿದ್ದ ಹಳೆಯ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದರೆಂದೂ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಈ ಹಕ್ಕಿಗಳು ಎಂಬುದು ಊರಿನ ನಂಬಿಕೆ. ಇವುಗಳನ್ನು ಯಾರೂ ಹೊಡೆಯುವುದಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ನೆಲೆಯನ್ನು ಅಧ್ಯಯನ ಮಾಡಿದ ಮೇಲೆ ಹೊರಗಿನವರಿಗೆ ಇದರ ಪರಿಚಯವಾಯಿತು. ಮುಂದೆ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕುವ ಕೆಲಸವನ್ನು ಕೈಗೊಂಡರು.

ಹಕ್ಕಿಗಳಿಂದ ರೈತನಿಗೆ ನೇರವಾದ ಲಾಭವೂ ಇದೆ. ಮರದ ಬುಡದಲ್ಲಿ ಕೆರೆಗೋಡು ಹರಡಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಮಣ್ಣಿನೊಡನೆ ಸಂಗ್ರಹಿಸಿ ಹೊಲಗದ್ದೆಗಳಿಗೆ ಹಾಕುವ ರೂಢಿ ಇಲ್ಲಿದೆ. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕ ಮತ್ತು ರಂಜಕ ಹೆಚ್ಚಾಗಿರುತ್ತವೆ. ಆದರೆ ಹಸಿ ಹಿಕ್ಕೆ ಬೆಳೆಯನ್ನು ಸುಡಬಹುದಾದ್ದರಿಂದ ಮಣ್ಣು ಅಥವಾ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ಕೊಳೆಯಿಸಿ ಬಳಸುವುದು ಒಳ್ಳೆಯದು.

ಹುಣಸೆ ಮರದ ಪ್ರಶ್ನೆ

ಇಷ್ಟಾದರೂ ಹಕ್ಕಿಗಳಿಂದ ತೊಂದರೆಯೇ ಇಲ್ಲವೆನ್ನಲಾಗದು. ಹುಣಸೆ ಹಣ್ಣಾಗುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಹಣ್ಣು ಬಡಿಯಲು ಮರ ಹತ್ತಿದರೆ ಹಕ್ಕಿಗಳು ಗೂಡು ಬಿಟ್ಟು ಏಳುತ್ತವೆ. ಹತ್ತದಿದ್ದರೆ ಫಸಲು ಕೈಬಿಡುತ್ತದೆ. ಹಿಕ್ಕೆ ಬಿದ್ದ ಹಣ್ಣಿಗೆ ಬೆಲೆಯೂ ಇಲ್ಲ. ಮರದ ಒಡೆಯನಿಗೆ ಇದು ಪ್ರತಿ ವರ್ಷದ ನಷ್ಟ. ಮರವನ್ನು ಮಾರಿದರೆ ಒಮ್ಮೆಗೇ ಹಣ ಸಿಗುತ್ತದೆ. ಆದರೆ ಕಡಿದ ಹುಣಸೆಯ ಬದಲಿಗೆ ಇನ್ನೊಂದು ಮರ ಗೂಡಿನ ಭಾರ ಹೊರುವಷ್ಟು ಬೆಳೆಯಲು ಹಲವು ದಶಕಗಳೇ ಬೇಕು. ಆದ್ದರಿಂದ ಹಕ್ಕಿಗಳ ಭವಿಷ್ಯ ಮರದ ಒಡೆಯರ ತೀರ್ಮಾನದಲ್ಲಿದೆ.

ಫಸಲು ಬಿಟ್ಟುಕೊಡುವ ರೈತರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಕ್ರಮವನ್ನು ಜಾರಿಗೆ ತಂದಿತು. ಈ ಹಣ ಫಸಲಿನ ಬೆಲೆಗೆ ಸರಿಹೊಂದುವಂತಿದ್ದು, ಸಕಾಲಕ್ಕೆ ಕೈಸೇರಿದರೆ ಮಾತ್ರ ಮರ ಉಳಿಯುತ್ತದೆ. ಹಕ್ಕಿಯ ಮೇಲಿನ ಪ್ರೀತಿಯೊಂದನ್ನೇ ನೆಚ್ಚಿ ಬಡ ಕುಟುಂಬ ಪ್ರತಿ ವರ್ಷ ಆದಾಯ ಬಿಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸಮುದಾಯ ಮೀಸಲು ಎಂದರೇನು?

2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿ ಇದಕ್ಕೆ ಆಧಾರ. ಅಭಯಾರಣ್ಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ಜನರು ತಾವಾಗಿ ಮುಂದೆ ಬಂದ ಕಡೆ ಮಾತ್ರ ಸಮುದಾಯ ಮೀಸಲು ಆಗುತ್ತದೆ. ಜಮೀನಿನ ಒಡೆತನ ಒಡೆಯರಲ್ಲೇ ಉಳಿಯುತ್ತದೆ. ಮೇಲ್ವಿಚಾರಣೆಗೆ ಗ್ರಾಮ ಪಂಚಾಯಿತಿಯ ಕಡೆಯ ಪ್ರತಿನಿಧಿಗಳೂ ಅರಣ್ಯ ಇಲಾಖೆಯ ಪ್ರತಿನಿಧಿಯೂ ಇರುವ ಸಮಿತಿ ಇರಬೇಕು. ಭೂಮಿಯ ಬಳಕೆಯ ಕ್ರಮವನ್ನು ಬದಲಿಸಬೇಕಾದರೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಅಗತ್ಯ. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ರೈತರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಕೆರೆ ಕೆಟ್ಟರೆ ಹಕ್ಕಿಗೂ ಕೇಡು

2017-18ರ ಹಂಗಾಮಿನಲ್ಲಿ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಮರಣೋತ್ತರ ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಇಂಥ ಹುಳುಗಳು ಹಕ್ಕಿಯ ಒಡಲು ಸೇರುವುದು ಮೀನಿನ ಮೂಲಕ. ಕೆರೆಗೆ ಚರಂಡಿ ನೀರು ಬಿಡದಿರುವುದು, ಕೀಟನಾಶಕದ ಡಬ್ಬಿಗಳನ್ನೂ ಸಿಂಪಡಣೆ ಯಂತ್ರಗಳನ್ನೂ ಕೆರೆ ಕಾಲುವೆಗಳಲ್ಲಿ ತೊಳೆಯದಿರುವುದು, ಬೇಸಿಗೆಯಲ್ಲಿ ಕೆರೆಯ ನೀರನ್ನು ಪೂರ್ತಿ ಬರಿದು ಮಾಡದಿರುವುದು ಆಯಾ ಊರಿನವರ ಕೈಯಲ್ಲಿರುವ ಕೆಲಸಗಳು. ಇದೇ ನೀರನ್ನು ದನಕರುಗಳೂ ಕುಡಿಯುತ್ತವೆ ಎಂಬುದನ್ನು ಮರೆಯಬಾರದು.

ನೋಡಲು ಬರುವವರಿಗೆ

ಪಕ್ಷಿ ವೀಕ್ಷಣೆಯ ಕಾರ್ಯಕ್ರಮಗಳಿಗೆ ವಸಂತಕ್ಕೆ ಮುಂಚಿನ ದಿನಗಳು ಅನುಕೂಲ. ಫೆಬ್ರವರಿ 2 ವಿಶ್ವ ಜೌಗುಭೂಮಿ ದಿನ. ಅದೇ ತಿಂಗಳ ಮಧ್ಯದಲ್ಲಿ ನಾಲ್ಕು ದಿನಗಳ ಜಾಗತಿಕ ಹಕ್ಕಿ ಗಣತಿ ನಡೆಯುತ್ತದೆ. ಭಾರತದ ವೀಕ್ಷಕರು 2013ರಿಂದ ಇದರಲ್ಲಿ ಭಾಗವಹಿಸುತ್ತಿದ್ದಾರೆ. ರಾಜ್ಯ ಅರಣ್ಯ ಇಲಾಖೆಯ ಹಕ್ಕಿ ಹಬ್ಬ 2015ರಲ್ಲಿ ಮೊದಲ ಬಾರಿಗೆ ನಡೆದದ್ದು ಇದೇ ಜಿಲ್ಲೆಯ ರಂಗನತಿಟ್ಟಿನಲ್ಲಿ. ಶಾಲಾ ಮಕ್ಕಳ ಅಥವಾ ರೈತರ ತಂಡವನ್ನು ಬೆಳ್ಳೂರಿಗೆ ಕರೆದೊಯ್ಯುವವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತನ್ನು ಆರಿಸಿಕೊಳ್ಳಬೇಕು. ಹಕ್ಕಿಗಳ ಹೋಗಿಬರುವಿಕೆ ಆಗ ಚೆನ್ನಾಗಿ ಕಾಣುತ್ತದೆ.

2. ಹತ್ತು ಹದಿನೈದು ಜನರ ಚಿಕ್ಕ ತಂಡಗಳಾಗಿ ಹೋಗಬೇಕು. ವಾಹನಗಳನ್ನು ಗೂಡಿನ ಮರಗಳಿಂದ ದೂರ ನಿಲ್ಲಿಸಬೇಕು.

3. ಕೂಗು, ಪಟಾಕಿ, ಧ್ವನಿವರ್ಧಕ ಸಲ್ಲದು. ಹೆದರಿದ ಹಕ್ಕಿ ಗೂಡು ಬಿಟ್ಟರೆ ಮೊಟ್ಟೆಯೂ ಗರಿ ಮೂಡದ ಮರಿಯೂ ಬಿಸಿಲಿಗೆ ಸಿಕ್ಕುತ್ತವೆ. ಕಾಗೆ, ಹದ್ದುಗಳ ಪಾಲೂ ಆಗುತ್ತವೆ.

4. ಬಿದ್ದ ಮರಿಯನ್ನು ಮುಟ್ಟದೆ ಊರಿನವರಿಗೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

5. ಮರಗಳಿರುವುದು ಜನರ ಹಿತ್ತಲಿನಲ್ಲಿ. ಒಳಗೆ ಹೋಗುವ ಮುನ್ನ ಮನೆಯವರ ಒಪ್ಪಿಗೆ ಪಡೆಯಬೇಕು.

6. ಮಕ್ಕಳು ಒಂದೊಂದು ಮರದ ಜಾತಿ, ಗೂಡುಗಳ ಸಂಖ್ಯೆ, ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಪ್ರತಿ ವರ್ಷ ಹೀಗೆ ಬರೆದರೆ ಯಾವ ಮರ ಹಕ್ಕಿಗಳಿಗೆ ಹೆಚ್ಚು ಒಗ್ಗುತ್ತದೆಂಬುದು ತಿಳಿಯುತ್ತದೆ.

7. ಊಟ, ತಿಂಡಿ, ಎಳನೀರುಗಳನ್ನು ಊರಿನವರಿಂದಲೇ ಕೊಳ್ಳುವುದು ಉತ್ತಮ. ನೋಡುಗರಿಂದ ಊರಿಗೆ ನಾಲ್ಕು ಕಾಸು ಬಂದರೆ ಮರ ಉಳಿಸಲು ಇನ್ನೊಂದು ಕಾರಣ ಸಿಕ್ಕಂತೆ.

ಇತರ ಊರುಗಳ ರೈತರೂ ಮಾಡಬಹುದಾದ ಕೆಲಸವಿದೆ. ಕೆರೆ ಏರಿಯ ಕೆಳಗೆ, ಗೋಮಾಳದಲ್ಲಿ, ಹೊಲದ ಮೂಲೆಯಲ್ಲಿ ಆಲ, ಅರಳಿ, ಹುಣಸೆ ಸಸಿಗಳನ್ನು ಈ ಮುಂಗಾರಿನಲ್ಲೇ ನೆಟ್ಟು, ಮೊದಲ ಎರಡು ಮೂರು ವರ್ಷ ದನ ಮೇಯದಂತೆ ಮುಳ್ಳುಬೇಲಿ ಕಟ್ಟಬೇಕು. ವಿದ್ಯುತ್ ತಂತಿ ಹಾದುಹೋಗುವ ಕಡೆ ಇಂಥ ಮರ ನೆಡಬಾರದು. ದೊಡ್ಡ ರೆಕ್ಕೆಯ ಹಕ್ಕಿಗಳಿಗೆ ತಂತಿ ಅಪಾಯಕಾರಿ. ಇಂದು ನೆಟ್ಟ ಸಸಿಯಲ್ಲಿ ಗೂಡು ಕಾಣುವವರು ಬಹುಶಃ ಮೊಮ್ಮಕ್ಕಳು. ಬೆಳ್ಳೂರಿನ ಇಂದಿನ ಮರಗಳನ್ನು ನೆಟ್ಟವರೂ ಹಿಂದಿನ ತಲೆಮಾರಿನವರೇ.