‘ಓನ್ಲಿ’ಯೊಳಗಿನ ‘ಏ’

ಕಾಡುಗೋಡಿಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಫೈಲು ಕಳಿಸಿದ್ದು ಯಾರೆಂದು ಹೊರದೇಶದ ಗ್ರಾಹಕರು ಮೇಲ್ ಮಾಡಿದ್ದರಂತೆ. ಇವರು ‘ಐ ಓನ್ಲಿ ಸೆಂಟ್ ಇಟ್’ ಎಂದು ಬರೆದರು. ‘ಬರೀ ಕಳಿಸಿದಿರಾ? ಪರೀಕ್ಷಿಸಲಿಲ್ಲವಾ?’ ಎಂದು ಅಲ್ಲಿಂದ ಉತ್ತರ ಬಂತು. ನನ್ನ ಇಂಗ್ಲಿಷ್ ಅಷ್ಟು ಹಾಳಾಗಿದೆಯಾ ಸಾರ್ ಎಂದು ಅವರ ಅಳಲು.

ಅವರು ಹೇಳಹೊರಟದ್ದು ‘ನಾನೇ ಕಳಿಸಿದ್ದು’ ಅಂತ. ಶಾಲೆಯಲ್ಲಿ ಅವಧಾರಣಾರ್ಥಕ ಅವ್ಯಯ ಎಂದು ಉರುಹೊಡೆದ ಆ ‘ಏ’ ಪದದ ಬಾಲಕ್ಕೆ ಅಂಟುತ್ತದೆ. ಅದಕ್ಕೇ ಅವರ ‘ಓನ್ಲಿ’ಯೂ ಹಿಂದಿನ ‘ಐ’ಗೆ ಅಂಟಿತು. ಇಂಗ್ಲಿಷಿನವರಿಗೆ ಅದು ಮುಂದಿನ ‘ಸೆಂಟ್’ ಕಡೆ ತಿರುಗಿ ಕಂಡಿತು. ಅವರಾದರೆ ‘ಐ’ ಮೇಲೆ ದನಿಯೇರಿಸಿ ಕೆಲಸ ಮುಗಿಸುತ್ತಾರೆ. ಮೇಲ್‌ಗೆ ದನಿ ಎಲ್ಲಿದೆ?

ನಮ್ಮ ‘ಏ’ಗೆ ಇನ್ನೊಂದು ಬಾಡಿಗೆ ಮನೆಯೂ ಉಂಟು: ‘ಇಟ್ಸೆಲ್ಫ್’. ಕಾಲ ಸೂಚಿಸುವ ಮಾತಿಗೆ ಬಹುಪಾಲು ಇದನ್ನೇ ಹಚ್ಚುತ್ತೇವೆ. ಇವತ್ತೇ ಎನ್ನಲು ‘ಟುಡೇ ಇಟ್ಸೆಲ್ಫ್’, ಬೆಳಿಗ್ಗೆಯೇ ಎನ್ನಲು ‘ಮಾರ್ನಿಂಗ್ ಇಟ್ಸೆಲ್ಫ್’. ಊರಿನ ಹೆಸರಿಗೆ ಎರಡೂ ನಡೆಯುತ್ತವೆ. ‘ಕಾಡುಗೋಡಿ ಓನ್ಲಿ’ ಎಂದರೂ ಆಟೋ ಬರುತ್ತದೆ.

ಒತ್ತು ಬಿದ್ದ ಪದದ ಜಾಗದಲ್ಲಿ ಬರಬಹುದಿದ್ದ ಮಿಕ್ಕವನ್ನೆಲ್ಲ ‘ಓನ್ಲಿ’ ಹೊರಗಟ್ಟುತ್ತದೆ ಎಂಬ ಲೆಕ್ಕವನ್ನು ಭಾಷಾವಿಜ್ಞಾನಿ ಮ್ಯಾಟ್ಸ್ ರೂಥ್ 1985ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಬಿಡಿಸಿಟ್ಟರು. ಒಳ್ಳೆಯ ಕೆಲಸ. ಆದರೆ ನನಗೆ ಖುಷಿ ಕೊಡುವುದು 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ. ಸಂಸ್ಕೃತದ ‘ಏವ’ ಯಾವ ಪದದ ಬೆನ್ನಿಗೆ ಕೂತರೆ ಏನನ್ನು ತಳ್ಳಿಹಾಕುತ್ತದೆ ಎಂದು ಆತ ಮೂರು ಬಗೆ ಮಾಡಿದ. ಅವನ ಉದಾಹರಣೆಗಳನ್ನು ಕನ್ನಡಕ್ಕೆ ಒಗ್ಗಿಸಿದರೆ ಹೀಗೆ: ‘ಪಾರ್ಥನೇ ಬಿಲ್ಲುಗಾರ’ ಎಂದರೆ ಬೇರೆ ಯಾರೂ ಅವನಂತಲ್ಲ. ‘ಚೈತ್ರ ಬಿಲ್ಲುಗಾರನೇ’ ಎಂದರೆ ಅವನು ಬಿಲ್ಲುಗಾರನೋ ಅಲ್ಲವೋ ಎಂಬ ಅನುಮಾನ ಹೋಯಿತು, ಬೇರೆಯವರೂ ಬಿಲ್ಲುಗಾರರಾಗಿರಬಹುದು. ‘ನೀಲಿ ತಾವರೆ ಇದ್ದೇ ಇದೆ’ ಎಂದರೆ ಎಲ್ಲ ತಾವರೆಯೂ ನೀಲಿಯಲ್ಲ, ಆದರೆ ನೀಲಿಯದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂದು ಸ್ವರ, ಮೂರು ಕತ್ತರಿ!

ತೆಲುಗಿನವರಿಗೂ ‘ಏ’ ಇದೆ, ತಮಿಳರಿಗೆ ‘ದಾನ್’, ಹಿಂದಿಯವರಿಗೆ ‘ಹೀ’. ಹಾಗಾಗಿ ವೈಟ್‌ಫೀಲ್ಡಿನ ಕ್ಯಾಂಟೀನಿನಲ್ಲಿ ಒಬ್ಬರ ‘ಓನ್ಲಿ’ ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತದೆ. ನಾಲ್ಕು ಭಾಷೆ ಒಟ್ಟಿಗೆ ನೀರೆರೆದು ಬೆಳೆಸಿದ್ದನ್ನು, ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುತ್ತೇವೆನ್ನುವವರು ‘ಸಾಮಾನ್ಯ ತಪ್ಪು’ಗಳ ಪಟ್ಟಿಗೆ ಸೇರಿಸಿ ಕಿತ್ತುಹಾಕುತ್ತಾರೆಂದು ನನಗೇನೂ ನಂಬಿಕೆಯಿಲ್ಲ. ಗ್ರಾಹಕರಿಗೆ ಬರೆಯುವಾಗ ಮಾತ್ರ ‘ಇಟ್ ವಾಸ್ ಮೀ’ ಎಂದರೆ ಸಾಕು.

ಧರ್ಮಕೀರ್ತಿಯ ಮೂರನೆಯ ಬಗೆ, ಕ್ರಿಯಾಪದಕ್ಕೆ ಹತ್ತುವ ‘ಏ’, ಈ ಎರಡು ಬಾಡಿಗೆ ಮನೆಗಳಲ್ಲೂ ಹಿಡಿಸಲಿಲ್ಲ. ‘ಬಂದೇ ಬರ್ತೀನಿ’ ಎನ್ನಲು ಓನ್ಲಿಯೂ ಒದಗದು, ಇಟ್ಸೆಲ್ಫೂ ಒದಗದು. ಅದಕ್ಕೆ ‘ಡೆಫಿನೆಟ್ಲಿ’ ಎನ್ನುತ್ತೇವೆ. ಹಾಗೆಂದವರು ಬರುವುದು ಅನುಮಾನ.